ಮಲೆನಾಡಿನ ಊಟದೆಲೆ: ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಎಲ್ಲಿ, ಯಾವಾಗ, ಏನನ್ನು ಉಣ್ಣಬೇಕು

ಜೋಗದ ಜಲಪಾತವನ್ನಾಗಲಿ ಆಗುಂಬೆಯ ಸೂರ್ಯಾಸ್ತವನ್ನಾಗಲಿ ಕೊಡಚಾದ್ರಿಯ ಶಿಖರವನ್ನಾಗಲಿ ಕಾಣಬೇಕೆಂದು ಶಿವಮೊಗ್ಗ ಜಿಲ್ಲೆಯ ಪಶ್ಚಿಮದಂಚಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಿಗೆ ಹೊರಡುವವರು, ಆ ಸೀಮೆಯ ಪರಿಚಯವುಳ್ಳ ಬಂಧುಮಿತ್ರರನ್ನು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: ಅಲ್ಲಿ ಊಟಕ್ಕೆ ಒಳ್ಳೆಯ ಜಾಗ ಯಾವುದು? ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಒಂದು ಹೋಟೆಲಿನ ಹೆಸರನ್ನೂ ಅದಿರುವ ಬೀದಿಯನ್ನೂ ಹೇಳಿ ಈ ಪ್ರಶ್ನೆಯನ್ನು ಪೂರೈಸಬಹುದು. ಮಲೆನಾಡಿನಲ್ಲಿಯಾದರೋ ಉತ್ತರ ಕೊಡುವುದಕ್ಕೆ ಮುನ್ನ, ಯಾವ ತಿಂಗಳಿನಲ್ಲಿ ಹೋಗುವಿರಿ, ಎಷ್ಟು ಹೊತ್ತಿಗೆ ತಲಪುವಿರಿ, ಹಿಂದಿನ ದಿನವೇ ಹೇಳಿಕಳುಹಿಸಬಲ್ಲಿರಾ ಎಂಬ ಮರುಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಏಕೆಂದರೆ ಇಲ್ಲಿಯ ರುಚಿಯು ಅಂಗಡಿಯ ಫಲಕಕ್ಕಿಂತ ಹೆಚ್ಚಾಗಿ ಋತುವಿಗೂ ಮನೆಗೂ ಅಧೀನವಾದದ್ದು. ಆಷಾಢದಲ್ಲಿ ಎಲೆಯ ಮೇಲೆ ಬರುವುದು ಮಾಘದಲ್ಲಿ ಬಾರದು, ಮಾಘದಲ್ಲಿ ದೊರೆಯುವುದು ಆಷಾಢದಲ್ಲಿ ಕನಸಿಗೂ ನಿಲುಕದು.

ಇದಕ್ಕೆ ಕಾರಣವು ನೆಲದ ರಚನೆಯಲ್ಲಿಯೇ ಇದೆ. ಬಯಲುಸೀಮೆಯಲ್ಲಿ ಮನೆಗಳು ಗುಂಪುಗೂಡಿ ಊರಾದರೆ, ಇಲ್ಲಿ ಅಡಕೆಯ ತೋಟವೊಂದು, ಅದರ ತಲೆಗೆ ಒಂದೋ ಎರಡೋ ಮನೆ, ಅಲ್ಲಿಂದ ಮುಂದಿನ ಮನೆಗೆ ಕಾಡುಗುಡ್ಡಗಳ ಅಂತರ. ಇಂತಹ ಒಂಟಿಮನೆಗಳ ನಾಡಿನಲ್ಲಿ ಹಾದಿಹೋಕನಿಗೆ ಅನ್ನವಿಕ್ಕುವ ಭಾರವು ತಲೆತಲಾಂತರದಿಂದ ಗೃಹಸ್ಥನ ಮೇಲೆಯೂ ಮಠದೇವಾಲಯಗಳ ಮೇಲೆಯೂ ಬಿದ್ದಿತ್ತು. ಹವ್ಯಕರ ಮನೆಯ ಜಗುಲಿಯನ್ನು ಹತ್ತಿದವರಿಗೆ ಮೊದಲು ಬೆಲ್ಲ-ನೀರನ್ನು ತಂದಿಟ್ಟು, ಆಮೇಲೆ 'ಆಸರಿಗೆ', ಎಂದರೆ ಕುಡಿಯುವುದಕ್ಕೆ, ಏನು ಬೇಕೆಂದು ವಿಚಾರಿಸುವ ಪದ್ಧತಿಯೂ, ತೀರ್ಥಹಳ್ಳಿಯ ಕಡೆಯ ಗೌಡರ ಮನೆಗಳಲ್ಲಿ 'ಉಂಡ್ಕೊಂಡೇ ಹೋಗಿ ಮಾರಾಯ್ರೆ' ಎಂದು ಅತಿಥಿಯನ್ನು ತಡೆದು ನಿಲ್ಲಿಸುವ ಒತ್ತಾಯವೂ ಈ ಹೊಣೆಯ ಕುರುಹುಗಳೇ. ಕಾಸಿಗೆ ಅನ್ನ ಮಾರುವ ಹೋಟೆಲು ಇಲ್ಲಿಗೆ ತಡವಾಗಿ ಬಂದಿತು. ಅದೂ ಬಹುಮಟ್ಟಿಗೆ ಕರಾವಳಿಯಿಂದ, ಆಗುಂಬೆ ಮತ್ತು ಹುಲಿಕಲ್ಲು ಘಾಟಿಗಳನ್ನು ಹತ್ತಿಕೊಂಡು ಬಂದಿತು. ಆದಕಾರಣವೇ ಪೇಟೆಯ ಹೋಟೆಲುಗಳಲ್ಲಿ ಗೋಳಿಬಜೆ, ಬನ್ಸು, ನೀರುದೋಸೆಗಳು ಇಡ್ಲಿ-ವಡೆಗಳಷ್ಟೇ ಸಹಜವಾಗಿ ದೊರೆಯುತ್ತವೆ.

ಅಡುಗೆಯ ವಿಷಯದಲ್ಲಿ ಈ ಸೀಮೆಯ ಆಸ್ಥೆ ಈಚಿನದಲ್ಲವೆಂಬುದಕ್ಕೆ ಪ್ರಬಲವಾದ ಸಾಕ್ಷ್ಯವೊಂದಿದೆ. ಸಾಗರದ ನೆರೆಯ ಕೆಳದಿಯಲ್ಲಿ ಉದಿಸಿ, ಇಕ್ಕೇರಿಗೆ ಬಂದು, ಕೊನೆಗೆ ಈಗಿನ ಹೊಸನಗರ ತಾಲ್ಲೂಕಿನ ಬಿದನೂರಿನಲ್ಲಿ ರಾಜಧಾನಿಯನ್ನು ನೆಲೆಗೊಳಿಸಿದ ಕೆಳದಿಯ ಅರಸರಲ್ಲಿ ಒಬ್ಬನಾದ ಬಸವಪ್ಪನಾಯಕನು, 18ನೆಯ ಶತಮಾನದ ಆರಂಭದಲ್ಲಿ 'ಶಿವತತ್ತ್ವರತ್ನಾಕರ'ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ರಾಜನೀತಿ, ಶಿಲ್ಪ, ಸಂಗೀತಗಳ ಸಾಲಿನಲ್ಲಿಯೇ ಪಾಕಶಾಸ್ತ್ರಕ್ಕೂ ಆ ಗ್ರಂಥದಲ್ಲಿ ಸ್ಥಾನ ದೊರಕಿತು. ಅರಸನು ತನ್ನ ಲೇಖನಿಯಿಂದ ಅಡುಗೆಮನೆಯನ್ನು ಶಾಸ್ತ್ರದ ಪದವಿಗೆ ಏರಿಸಿದ ನಾಡು ಇದು ಎಂಬ ಸ್ಮರಣೆಯೊಡನೆ ನಾವು ಎಲೆಯ ಮುಂದೆ ಕುಳಿತರೆ, ತಂಬುಳಿಯ ತುತ್ತಿಗೂ ಒಂದು ಘನತೆ ಒದಗುತ್ತದೆ.

ಸಾಗರದ ಸುತ್ತ

ಬೆಂಗಳೂರು–ಹೊನ್ನಾವರ ರಸ್ತೆಯ ಮೇಲಿರುವ ಸಾಗರವು ಜೋಗಕ್ಕೆ ಸುಮಾರು 30 ಕಿಲೋಮೀಟರು ಈಚೆಗಿದೆ. ಜೋಗಕ್ಕೆ ಹೋಗುವವರು ಇಲ್ಲಿ ಬೆಳಗಿನ ಉಪಾಹಾರವನ್ನು ಮುಗಿಸಿಕೊಂಡು ಹೊರಡುವುದು ಉಚಿತ. ಬಸ್ ನಿಲ್ದಾಣದ ಆಸುಪಾಸಿನಲ್ಲಿಯೂ ಪೇಟೆಯ ಬೀದಿಗಳಲ್ಲಿಯೂ ಇರುವ ಸಣ್ಣ ಹೋಟೆಲುಗಳಲ್ಲಿ ಮಸಾಲೆದೋಸೆಯನ್ನು ಕೇಳುವ ಬದಲು, ಇಂದು ಕೊಟ್ಟೆಕಡುಬು ಇದೆಯೆ, ಪತ್ರೊಡೆ ಇದೆಯೆ, ನೀರುದೋಸೆಗೆ ಜೋನಿಬೆಲ್ಲ ಕೊಡುವಿರಾ ಎಂದು ವಿಚಾರಿಸಬೇಕು. ಹವ್ಯಕರು ತಮ್ಮ ಮನೆಗಳಲ್ಲಿ ತೆಳ್ಳೇವು ಎಂದು ಕರೆಯುವ ಈ ತೆಳುದೋಸೆಯ ಮೇಲೆ, ಗಟ್ಟಿಯಾಗುವುದಕ್ಕೆ ಮುಂಚೆಯೇ ಇಳಿಸಿದ ದ್ರವರೂಪದ ಬೆಲ್ಲವನ್ನೂ ತುಸು ತುಪ್ಪವನ್ನೂ ಹಾಕಿಕೊಂಡು ತಿನ್ನುವ ಸುಖವು ಬಯಲುಸೀಮೆಯವರಿಗೆ ಅಪರಿಚಿತವಾದದ್ದು. ಕಾಫಿಯ ಬದಲು ಒಮ್ಮೆ ಕಷಾಯವನ್ನು ಕೇಳಿ ನೋಡಬೇಕು; ಕೊತ್ತಂಬರಿಬೀಜ, ಜೀರಿಗೆ, ಮೆಂತ್ಯ, ಕಾಳುಮೆಣಸುಗಳನ್ನು ಹುರಿದು ಕುಟ್ಟಿದ ಪುಡಿಯನ್ನು ಹಾಲುಬೆಲ್ಲದೊಡನೆ ಕುದಿಸಿದ ಈ ಪಾನೀಯವು ಮಳೆಗಾಲದ ಬೆಳಗಿನಲ್ಲಿ ಮೈಯ ಚಳಿಯನ್ನು ಓಡಿಸುವ ಶಕ್ತಿಯುಳ್ಳದ್ದು.

ಮಧ್ಯಾಹ್ನದ ಊಟಕ್ಕೆ ಹವ್ಯಕ ಪದ್ಧತಿಯ ಅಡುಗೆಯೇ ಸಾಗರದ ಮುಖ್ಯ ಕಾಣಿಕೆ. ಸಾರಿಗೂ ಮೊದಲು ಅನ್ನಕ್ಕೆ ತಂಬುಳಿ ಬೀಳುತ್ತದೆ: ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಜೀರಿಗೆ-ಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿಯೊಡನೆ ನುಣ್ಣಗೆ ಬೀಸಿ, ಮಜ್ಜಿಗೆಯಲ್ಲಿ ಕದಡಿದ ಈ ತಂಪಾದ ವ್ಯಂಜನವನ್ನು ಮತ್ತೆ ಒಲೆಯ ಮೇಲೆ ಇಡುವುದಿಲ್ಲವಾದ್ದರಿಂದ ಸೊಪ್ಪಿನ ಪರಿಮಳ ಹಾಗೆಯೇ ಉಳಿದಿರುತ್ತದೆ. ಅನಂತರ ಹುಳಿ, ಸಿಹಿ, ಖಾರಗಳು ಒಂದರೊಡನೊಂದು ಸೆಣಸುವ ಮೆಣಸ್ಕಾಯಿ, ಕೊನೆಗೆ ಲೋಟದಲ್ಲಿ ಕುಡಿಯಲು ತಕ್ಕಷ್ಟು ತಿಳಿಯಾದ ಅಪ್ಪೆಹುಳಿ. ಈ ಅಪ್ಪೆಹುಳಿಗೂ ಸುಪ್ರಸಿದ್ಧವಾದ ಉಪ್ಪಿನಕಾಯಿಗೂ ಮೂಲವಾದ ಅಪ್ಪೆಮಿಡಿಯು ಶರಾವತಿ, ವರದಾ ಮೊದಲಾದ ಹೊಳೆಗಳ ದಂಡೆಗಳಲ್ಲಿ ತಾನಾಗಿ ಬೆಳೆದ ಕಾಡುಮಾವಿನ ಎಳೆಗಾಯಿ; ಒಂದೊಂದು ಮರದ ಮಿಡಿಗೂ ಪ್ರತ್ಯೇಕವಾದ ಗಂಧವುಂಟು, ಜೀರಿಗೆಯ ವಾಸನೆ ಬೀರುವ ಜೀರಿಗೆಮಿಡಿಯೆಂಬ ಜಾತಿಯೂ ಉಂಟು. ತೊಟ್ಟಿನ ಸೊನೆಯಲ್ಲಿಯೇ ಪರಿಮಳವಿರುವುದರಿಂದ ತೊಟ್ಟು ಮುರಿಯದಂತೆ ಕೊಯ್ದು ಉಪ್ಪಿಗೆ ಹಾಕುತ್ತಾರೆ. ವರ್ಷ ಕಳೆದರೂ ಮಿಡಿಯ ಗರಿಗರಿತನ ಕೆಡದು. ಸಾಗರದ ಪೇಟೆಯಲ್ಲಿ ಗೃಹಿಣಿಯರು ಮನೆಯಲ್ಲಿಯೇ ಹಾಕಿ ಮಾರುವ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲಿನ ಶರಬತ್ತುಗಳನ್ನು ಕೊಂಡೊಯ್ಯಲು ಚೀಲದಲ್ಲಿ ಜಾಗವಿರಿಸಿಕೊಳ್ಳುವುದು ಲೇಸು.

ಸಾಗರದ ನೆರೆಯಲ್ಲಿರುವ ವರದಹಳ್ಳಿಯಲ್ಲಿ, 1973ರಲ್ಲಿ ಸಮಾಧಿಸ್ಥರಾದ ಶ್ರೀಧರಸ್ವಾಮಿಗಳ ಆಶ್ರಮದಲ್ಲಿ, ಬಂದ ಭಕ್ತರೆಲ್ಲರಿಗೂ ಪ್ರಸಾದಭೋಜನ ನಡೆಯುತ್ತದೆ. ಆಡಂಬರವಿಲ್ಲದ ಅನ್ನ, ಸಾರು, ಮಜ್ಜಿಗೆಗಳ ಈ ಪಂಕ್ತಿಯಲ್ಲಿ ಕುಳಿತವರಿಗೆ ಮಲೆನಾಡಿನ ಆತಿಥ್ಯದ ಹಳೆಯ ರೂಪವು ಅರ್ಥವಾಗುವುದು. ಸಿಗಂದೂರಿನ ಚೌಡೇಶ್ವರಿಯ ಸನ್ನಿಧಿಯಲ್ಲಿಯೂ ಮಧ್ಯಾಹ್ನದ ಅನ್ನದಾಸೋಹವುಂಟು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಅನೇಕ ಹಳ್ಳಿಗಳನ್ನು ನುಂಗಿ, ಸಿಗಂದೂರಿರುವ ಆಚೆಯ ದಡದ ಜನರನ್ನು ದಶಕಗಳ ಕಾಲ ಲಾಂಚಿನ ವೇಳಾಪಟ್ಟಿಗೆ ಕಟ್ಟಿಹಾಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿಗಳ ನಡುವಿನ ಸುಮಾರು 2.4 ಕಿಲೋಮೀಟರಿನ ಸೇತುವೆ ತೆರೆದ ಮೇಲೆ, ಯಾತ್ರಿಕನು ಸಾಗರದಲ್ಲಿ ತಿಂಡಿ ತಿಂದು ದೇವಿಯ ಪ್ರಸಾದದ ಹೊತ್ತಿಗೆ ನಿಶ್ಚಿಂತನಾಗಿ ತಲಪಬಹುದಾಗಿದೆ.

ಜೋಗದಲ್ಲಿ ರಾಜ್ಯದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಗೇರುಸೊಪ್ಪ ಎಂಬ ಹೋಟೆಲಿದೆ. 253 ಮೀಟರು ಆಳಕ್ಕೆ ಧುಮುಕುವ ಶರಾವತಿಯನ್ನು ನೋಡುತ್ತ ಬಿಸಿಬಿಸಿ ಬಜ್ಜಿಯನ್ನೋ ಚಹವನ್ನೋ ಸೇವಿಸುವುದಕ್ಕೆ ಜೋಗವು ಯೋಗ್ಯ ಸ್ಥಳವೇ ಹೌದು. ಆದರೆ ಮಳೆಗಾಲದ ರಜಾದಿನಗಳ ಜನಸಂದಣಿಯಲ್ಲಿ ಪೂರ್ಣಭೋಜನವನ್ನು ಅಲ್ಲಿಯೇ ಅಪೇಕ್ಷಿಸುವುದಕ್ಕಿಂತ, ತಾಳಗುಪ್ಪದಲ್ಲಿಯೋ ಸಾಗರದಲ್ಲಿಯೋ ಉಣ್ಣುವುದು ಹೊಟ್ಟೆಗೂ ಮನಸ್ಸಿಗೂ ಹಿತ. ಕೆ.ವಿ. ಸುಬ್ಬಣ್ಣನವರ ಕರ್ತೃತ್ವದಿಂದ ಲೋಕಪ್ರಸಿದ್ಧವಾದ, 1949ರಲ್ಲಿ ಆರಂಭಗೊಂಡ ಹೆಗ್ಗೋಡಿನ ನೀನಾಸಮ್ ಸಂಸ್ಥೆಯ ಸಂಸ್ಕೃತಿಶಿಬಿರಕ್ಕೆ ಬರುವವರು ನಾಟಕಗಳೊಡನೆ ಅಲ್ಲಿಯ ಸಾಮೂಹಿಕ ಪಂಕ್ತಿಯನ್ನೂ ನೆನಪಿನಲ್ಲಿ ಹೊತ್ತೊಯ್ಯುತ್ತಾರೆ. ಬಡಿಸುವವರಿಗೂ ಉಣ್ಣುವವರಿಗೂ ಭೇದವಿಲ್ಲದ ಊಟ ಅದು.

ಸಾಗರದ ಸೀಮೆಯನ್ನು ಹವ್ಯಕರ ಅಡುಗೆಯೊಂದರಿಂದಲೇ ಅಳೆದರೆ ಅನ್ಯಾಯವಾದೀತು. ಗೋಡೆಗಳ ಮೇಲೆ ಹಸೆಚಿತ್ತಾರ ಬರೆಯುವ ದೀವರು, ಸೀಗೆಹುಣ್ಣಿಮೆಯಂದು ಗದ್ದೆಯ ಪೈರನ್ನು ಬಸುರಿಯೆಂದು ಭಾವಿಸಿ, ರಾತ್ರಿಯೆಲ್ಲ ಅಡುಗೆ ಮಾಡಿ, ಚಿತ್ತಾರ ಬರೆದ ಭೂಮಣ್ಣಿಬುಟ್ಟಿಯಲ್ಲಿ ಹೊತ್ತು, ಬೆಳಕು ಹರಿಯುವ ಮುನ್ನವೇ ನೆಲದ ತಾಯಿಗೆ ಉಣಬಡಿಸುತ್ತಾರೆ. ಬಗೆಬಗೆಯ ಸೊಪ್ಪುಕುಡಿಗಳನ್ನು ಕೂಡಿಸಿದ ಹಚ್ಚಂಬಲಿಯೂ ಕಡುಬೂ ಆ ದಿನದ ವಿಶೇಷ. ಯಾವ ಹೋಟೆಲಿನಲ್ಲಿಯೂ ಇದು ಮಾರಾಟಕ್ಕಿಲ್ಲ. ದೀವರ ಮನೆಯ ಸ್ನೇಹವನ್ನು ಸಂಪಾದಿಸಿದವರಿಗೆ ಮಾತ್ರ ಗದ್ದೆಯ ಅಂಚಿನಲ್ಲಿ ಕುಳಿತು ಉಣ್ಣುವ ಈ ಭಾಗ್ಯ ದೊರೆಯುತ್ತದೆ.

ಹೊಸನಗರದ ಹಾದಿ

ಮೂರು ತಾಲ್ಲೂಕುಗಳಲ್ಲಿ ಹೊಸನಗರದಲ್ಲಿಯೇ ಪೇಟೆ ಚಿಕ್ಕದು, ಕಾಡು ದೊಡ್ಡದು. ಆದ್ದರಿಂದ ಇಲ್ಲಿ ಹೋಟೆಲಿಗಿಂತ ಹಾದಿಬದಿಯ ಚಹದಂಗಡಿ, ಮಠ ಮತ್ತು ಮನೆಗಳ ಆಶ್ರಯವೇ ಪ್ರಯಾಣಿಕನಿಗೆ ಹೆಚ್ಚು. ನಗರ, ನಿಟ್ಟೂರು, ಸಂಪೆಕಟ್ಟೆ, ಮಾಸ್ತಿಕಟ್ಟೆಗಳಂತಹ ಊರುಗಳ ಪುಟ್ಟ ಹೋಟೆಲುಗಳಲ್ಲಿ ಬೆಳಗ್ಗೆ ಬಿಸಿಬನ್ಸು, ಅವಲಕ್ಕಿ-ಮೊಸರು, ಮಧ್ಯಾಹ್ನ ಕುಚ್ಚಲಕ್ಕಿಯದೋ ಬೆಳ್ತಿಗೆಯದೋ ಸರಳವಾದ ಊಟ ದೊರೆಯುವುದು. ಎರಡು ಗಂಟೆ ಮೀರಿದರೆ ಪಾತ್ರೆ ಬರಿದಾಗಿರುವ ಸಂಭವವುಂಟಾದ್ದರಿಂದ ಹೊತ್ತಿಗೆ ಮುಂಚೆ ತಲಪಬೇಕು. ಘಾಟಿಯ ಕೆಳಗಿನಿಂದ ಮೀನು ಬರುವ ಊರುಗಳಾದ್ದರಿಂದ ಮಾಂಸಾಹಾರದ ಹೋಟೆಲುಗಳಲ್ಲಿ ಬಂಗುಡೆ, ಬೂತಾಯಿಗಳ ಸಾರನ್ನೂ ಕೇಳಬಹುದು.

ಹೊಂಬುಜದ ಪದ್ಮಾವತಿಯ ಕ್ಷೇತ್ರಕ್ಕೆ ಹೋದವರು ಜೈನಮಠದ ಭೋಜನಶಾಲೆಯಲ್ಲಿ ಉಣ್ಣಬೇಕೆಂದರೆ ಸೂರ್ಯಾಸ್ತಕ್ಕೆ ಮುನ್ನ ಸೇರಬೇಕು. ಕತ್ತಲಾದ ಮೇಲೆ ಉಣ್ಣದಿರುವುದೂ ನೆಲದೊಳಗಿನ ಗೆಡ್ಡೆಗಳನ್ನು ವರ್ಜಿಸುವುದೂ ಜೈನರ ಅಹಿಂಸಾಧರ್ಮದ ಅಂಗ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳಿಲ್ಲದೆಯೂ ಅಡುಗೆಯು ಎಷ್ಟು ಸ್ವಾದಿಷ್ಠವಾಗಬಲ್ಲುದೆಂಬುದಕ್ಕೆ ಆ ಪಂಕ್ತಿ ನಿದರ್ಶನ. ರಾಮಚಂದ್ರಾಪುರ ಮಠದಲ್ಲಿ ಗೋಶಾಲೆಯೂ ಇದೆ. ಎತ್ತರದಲ್ಲಿ ಕುಳ್ಳಾದ, ಗುಡ್ಡವನ್ನು ಸಲೀಸಾಗಿ ಏರಬಲ್ಲ ಮಲೆನಾಡು ಗಿಡ್ಡ ತಳಿಯ ಹಸುವನ್ನು ಕಂಡವರಿಗೆ, ಈ ಸೀಮೆಯ ತಂಬುಳಿಗೆ ಆಧಾರವಾದ ಮಜ್ಜಿಗೆಯ ಮೂಲವೇ ಕಣ್ಣೆದುರು ನಿಂತಂತಾಗುತ್ತದೆ. 1343 ಮೀಟರು ಎತ್ತರದ ಕೊಡಚಾದ್ರಿಯ ಮೇಲೆ, ಮೂಕಾಂಬಿಕೆಯ ಗುಡಿಯ ಬಳಿಯ ಅರ್ಚಕರ ಮನೆಯಲ್ಲಿ, ಬೆಟ್ಟವನ್ನು ಏರಿಬಂದವರಿಗೆ ಅನ್ನ-ಸಾರು ಬಡಿಸುವ ವಾಡಿಕೆ ಬಹುಕಾಲದ್ದು. ಆ ಆಯಾಸದ ಮೇಲೆ ಉಂಡ ಬಿಸಿಯನ್ನಕ್ಕೆ ಸಮನಾದ ಭೋಜನವನ್ನು ಚಾರಣಿಗರು ಬೇರೆಲ್ಲಿಯೂ ಕಂಡಿಲ್ಲವೆಂದು ಹೇಳುವುದರಲ್ಲಿ ಅತಿಶಯೋಕ್ತಿಯಿಲ್ಲ.

ರಿಪ್ಪನ್‌ಪೇಟೆಯ ಸುತ್ತಲ ಹಳ್ಳಿಗಳು ಅಪ್ಪೆಮಿಡಿಗೆ ಹೆಸರಾದವು. ಮಾಘ-ಫಾಲ್ಗುನಗಳಲ್ಲಿ ಆ ಮಾರ್ಗವಾಗಿ ಹೋಗುವವರು ಹಸಿಮಿಡಿಯನ್ನೇ ಕೊಂಡು ಮನೆಗೆ ಒಯ್ಯಬಹುದು. ಅಲ್ಲಿಗೆ ಅನತಿದೂರದ ಅರಸಾಳು ರೈಲುನಿಲ್ದಾಣದಲ್ಲಿ ಶಂಕರ್ ನಾಗ್ ಅವರು 1980ರ ದಶಕದಲ್ಲಿ 'ಮಾಲ್ಗುಡಿ ಡೇಸ್' ಧಾರಾವಾಹಿಯ ದೃಶ್ಯಗಳನ್ನು ಚಿತ್ರೀಕರಿಸಿದರು. ರೈಲ್ವೆ ಇಲಾಖೆಯು ಹಳೆಯ ನಿಲ್ದಾಣದ ಕಟ್ಟಡವನ್ನು ವಸ್ತುಸಂಗ್ರಹಾಲಯವಾಗಿ ಮಾಡಿ, ಹಳೆಯ ರೈಲುಡಬ್ಬಿಯನ್ನು ಚಹದಂಗಡಿಯ ರೂಪಕ್ಕೆ ತಂದಿತು. ಮಕ್ಕಳೊಡನೆ ಹೋಗುವವರಿಗೆ ಒಂದು ಗಳಿಗೆ ವಿಶ್ರಮಿಸಲು ತಕ್ಕ ಸ್ಥಳ.

ತೀರ್ಥಹಳ್ಳಿ ಮತ್ತು ಆಗುಂಬೆ

ತುಂಗೆಯ ದಡದ ತೀರ್ಥಹಳ್ಳಿಗೆ ಬಂದೊಡನೆ ಎಲೆಯ ಸ್ವರೂಪವೇ ಬದಲಾಗುತ್ತದೆ. ಇಲ್ಲಿ ಅಧಿದೇವತೆ ಕಡುಬು. ಅಕ್ಕಿಯ ತರಿಯನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಮುಷ್ಟಿಗಾತ್ರದ ಉಂಡೆಗಳಾಗಿ ಕಟ್ಟಿ, ಹಬೆಯಲ್ಲಿ ಮತ್ತೊಮ್ಮೆ ಬೇಯಿಸಿದ ಈ ಕಡುಬಿಗೆ ಉಪ್ಪು ಹೊರತು ಬೇರಾವ ಅಲಂಕಾರವೂ ಇಲ್ಲ. ಅದರ ಸಾರ್ಥಕ್ಯವಿರುವುದು ಜೊತೆಗೆ ಬರುವ ಪದಾರ್ಥದಲ್ಲಿ. ಬೆಳಗಿನ ಹೊತ್ತು ಕಾಯಿಚಟ್ನಿಯೊಡನೆ ಪೇಟೆಯ ಹೋಟೆಲುಗಳಲ್ಲಿ ಇದು ದೊರೆಯುತ್ತದೆ. ಗೌಡರ ಮನೆಗಳಲ್ಲಿಯೂ ಮಾಂಸಾಹಾರದ ಹೋಟೆಲುಗಳಲ್ಲಿಯೂ ಕೋಳಿಸಾರು ಇದರ ಸಹಚರ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ', 'ಮಲೆಗಳಲ್ಲಿ ಮದುಮಗಳು' ಕಾದಂಬರಿಗಳನ್ನು ಓದಿದವರಿಗೆ ಕಡುಬು-ತುಂಡಿನ ಊಟದ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. ಕುಪ್ಪಳಿಯ ಕವಿಮನೆಯನ್ನು ಸಂದರ್ಶಿಸುವವರು ಅಲ್ಲಿಯ ಅಡುಗೆಮನೆಯನ್ನೂ ಹಳೆಯ ಪಾತ್ರೆಪರಡಿಗಳನ್ನೂ ಗಮನವಿಟ್ಟು ನೋಡಿ, ಅನಂತರ ತೀರ್ಥಹಳ್ಳಿಗೆ ಬಂದು ಕಡುಬನ್ನು ಕೇಳಿದರೆ, ಸಾಹಿತ್ಯವೂ ಪಾಕವೂ ಒಂದೇ ಒಲೆಯ ಬೆಳಕಿನಲ್ಲಿ ಬೆಳೆದವೆಂಬ ಅನುಭವ ಆಗದಿರದು.

ಕಡುಬಿನ ಜೊತೆಗೆ ಹೇಳಬೇಕಾದುವು ಕೆಂಡದ ಮೇಲೆ ಉಬ್ಬಿಸಿದ ತೆಳುವಾದ ಅಕ್ಕಿರೊಟ್ಟಿಯೂ, ಕಾಯಿಹಾಲಿನೊಡನೆ ಬಡಿಸುವ ಒತ್ತುಶಾವಿಗೆಯೂ. ಇವೆರಡೂ ಒಲೆಯಿಂದ ಇಳಿದ ಕೂಡಲೇ ತಿನ್ನತಕ್ಕವು. ಮೊದಲೇ ಮಾಡಿಟ್ಟ ರೊಟ್ಟಿಯನ್ನು ತಂದುಕೊಡುವ ಅಂಗಡಿಗಿಂತ, ಹತ್ತು ನಿಮಿಷ ಕಾಯಿಸಿ ಬಿಸಿರೊಟ್ಟಿಯನ್ನು ಕೊಡುವ ಅಂಗಡಿಯೇ ಮೇಲೆಂದು ತಿಳಿಯಬೇಕು. ಮೀನು ಬೇರೆಡೆ ಎಲೆಗೆ ಬರುವ ಪದಾರ್ಥ; ತುಂಗೆಯ ಚಿಬ್ಬಲಗುಡ್ಡೆಯಲ್ಲಿಯಾದರೋ ಮೀನುಗಳು ದೇವರ ಮೀನುಗಳು. ಹಿಡಿಯುವುದಕ್ಕೆ ನಿಷೇಧವಿರುವ ಆ ಮತ್ಸ್ಯಧಾಮದಲ್ಲಿ ಮನುಷ್ಯನೇ ಮೀನಿಗೆ ಉಣಬಡಿಸುತ್ತಾನೆ. ಎಳ್ಳಮಾವಾಸ್ಯೆಯ ಜಾತ್ರೆಯ ದಿನಗಳಲ್ಲಿ ತೀರ್ಥಹಳ್ಳಿಯ ಊರಿಗೆ ಊರೇ ತಿಂಡಿಯ ಬೀದಿಯಾಗುವುದರಿಂದ, ಮಂಡಕ್ಕಿ-ಮೆಣಸಿನಕಾಯಿ ಬಜ್ಜಿಗಳಲ್ಲಿ ಆಸಕ್ತಿಯುಳ್ಳವರು ಆ ದಿನಗಳನ್ನೇ ಆರಿಸಿಕೊಳ್ಳಬಹುದು. ಮನೆಯಡುಗೆಯನ್ನು ಬಯಸುವವರು ಆ ಜನಜಂಗುಳಿಯನ್ನು ತಪ್ಪಿಸಬೇಕು.

ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾದ ವಾರ್ಷಿಕ ಮಳೆ ಸುರಿಯುವ ಆಗುಂಬೆಯಲ್ಲಿ, 'ಮಾಲ್ಗುಡಿ ಡೇಸ್' ಧಾರಾವಾಹಿಯಿಂದಲೇ ಪ್ರಸಿದ್ಧವಾದ ದೊಡ್ಡಮನೆಯು ಮರದ ಕಂಬಗಳ ತೊಟ್ಟಿಮನೆಯ ಆತಿಥ್ಯವನ್ನು ಪರಸ್ಥಳದವರಿಗೂ ಪರಿಚಯಿಸಿದ ಮನೆಯಾಗಿದೆ. ಮೊದಲೇ ತಿಳಿಸಿ ಹೋಗುವುದೂ, ಬಡಿಸಿದ್ದನ್ನು ಬಿಡದೆ ಉಣ್ಣುವುದೂ, ಮನೆಯವರ ಹೊತ್ತುಗೊತ್ತುಗಳಿಗೆ ತಲೆಬಾಗುವುದೂ ಅತಿಥಿಯ ಧರ್ಮ. ಈಗ ಮೂರು ತಾಲ್ಲೂಕುಗಳಲ್ಲಿಯೂ ಹರಡಿಕೊಂಡಿರುವ ಹೋಂಸ್ಟೇಗಳಿಗೂ ಇದೇ ನಿಯಮ. ಹಿಂದಿನ ದಿನವೇ ಹೇಳಿದರೆ ತೋಟದ ಸೊಪ್ಪು, ಕಾಡಿನ ಕಾಯಿ ಎಲೆಗೆ ಬರುತ್ತವೆ. ಹೇಳದೆ ಊಟದ ಹೊತ್ತಿಗೆ ಹೋಗಿ ನಿಂತರೆ ಪೇಟೆಯ ತರಕಾರಿಯೇ ಬರುತ್ತದೆ.

ಋತುವಿನ ಪಂಚಾಂಗ

ಜೂನಿನಿಂದ ಆಗಸ್ಟಿನವರೆಗೆ ಕಳಲೆ, ಅಣಬೆ, ಕೆಸುಗಳ ಕಾಲ. ಬಿದಿರಿನ ಎಳೆಮೊಳಕೆಯಾದ ಕಳಲೆಯಲ್ಲಿ ಸಹಜವಾಗಿರುವ ವಿಷಾಂಶವು ಹೋಗಬೇಕಾದರೆ ಹೆಚ್ಚಿದ ಹೋಳುಗಳನ್ನು ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಬೇಕು. ಕೆಸುವಿನ ಎಲೆಯಲ್ಲಿರುವ ಸೂಜಿಯಂತಹ ಹರಳುಗಳು ಗಂಟಲನ್ನು ಕೆರೆಯದಿರಬೇಕಾದರೆ ಧಾರಾಳವಾಗಿ ಹುಳಿ ಹಾಕಿ ಬಹಳ ಹೊತ್ತು ಬೇಯಿಸಬೇಕು. ಕೆಸುವಿನಿಂದ ಮಾಡುವ ಕರಕಲಿ, ಪತ್ರೊಡೆಗಳ ಹಿಂದೆ ಇಂತಹ ಪರಂಪರಾಗತ ಜ್ಞಾನವಿರುವುದರಿಂದ, ಇವನ್ನು ಬಲ್ಲ ಕೈಗಳಿಂದಲೇ ಉಣ್ಣುವುದು ಕ್ಷೇಮ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರುವ ಹತ್ತುಮೀನೂ ಏಡಿಯೂ ಮಾಂಸಾಹಾರಿಗಳ ಆಷಾಢದ ಸಂಭ್ರಮ. ಡಿಸೆಂಬರಿನಿಂದ ಮಾರ್ಚಿಯವರೆಗೆ ಆಲೆಮನೆಗಳ ಕಾಲ: ಕಬ್ಬಿನಹಾಲು, ನೊರೆಬೆಲ್ಲ, ಜೋನಿಬೆಲ್ಲಗಳೊಡನೆ, ಕವುಚಿಟ್ಟ ಮಡಕೆಯ ಬೆನ್ನಿಗೆ ಕಬ್ಬಿನಹಾಲು-ಅಕ್ಕಿಹಿಟ್ಟಿನ ಹದವನ್ನು ಬಳಿದು ಎಬ್ಬಿಸುವ, ಕಾಗದಕ್ಕಿಂತ ತೆಳುವಾದ ತೊಡೆದೇವು ಆಗ ದೊರೆಯುತ್ತದೆ. ಏಪ್ರಿಲ್, ಮೇ ತಿಂಗಳುಗಳು ಹಲಸಿನವು: ಹಪ್ಪಳ, ಹಲಸಿನಹಣ್ಣಿನ ಕಡುಬು, ಮುಳುಕ.

ಇಷ್ಟನ್ನೂ ಹೇಳಿದ ಮೇಲೆ ಹೋಟೆಲಿನವರಿಗೂ ಪ್ರವಾಸಿಗಳಿಗೂ ಒಂದೊಂದು ಬಿನ್ನಹವಿದೆ. ಬಂದವರೆಲ್ಲರೂ ಉತ್ತರಭಾರತದ ಪನೀರು, ಗೋಬಿಗಳನ್ನೇ ಕೇಳುತ್ತಾರೆಂಬ ನಂಬಿಕೆಯಿಂದ ಈ ಊರುಗಳ ಹೋಟೆಲುಗಳು ಅವನ್ನೇ ಬೇಯಿಸುತ್ತಿವೆ. ಫಲಕದಲ್ಲಿ ಬೇರೇನೂ ಕಾಣದ ಕಾರಣ ಬಂದವರೂ ಅವನ್ನೇ ಕೇಳುತ್ತಿದ್ದಾರೆ. ಈ ವರ್ತುಲವನ್ನು ಮುರಿಯುವುದು ಕಷ್ಟವಲ್ಲ. ಹೋಟೆಲಿನ ಯಜಮಾನರು ದಿನಕ್ಕೊಂದು ತಂಬುಳಿಯನ್ನೋ ಕಡುಬನ್ನೋ ಫಲಕದ ಮೇಲೆ ಬರೆಯಲಿ. ಪ್ರವಾಸಿಗಳು 'ಇವತ್ತು ಊರಿನದ್ದು ಏನಿದೆ?' ಎಂದು ಬಾಯಿಬಿಟ್ಟು ಕೇಳಲಿ. ಹೊಳೆದಂಡೆಯ ಅಪ್ಪೆಮರಗಳಲ್ಲಿ ಎಷ್ಟೋ ಮುಳುಗಡೆಗೂ ಕೊಡಲಿಗೂ ಈಡಾಗಿವೆ. ಉಳಿದವನ್ನು ಕಸಿ ಕಟ್ಟಿ ತೋಟಕ್ಕೆ ತಂದ ರೈತರು ಅವನ್ನು ಕಾಪಾಡುತ್ತಿರುವುದು ಮಿಡಿಗೆ ಕೊಳ್ಳುವವರಿದ್ದಾರೆಂಬ ಭರವಸೆಯಿಂದಲೇ. ಕಳಲೆಯ ವಿಷವನ್ನು ಕಳೆಯುವ ವಿದ್ಯೆಯೂ ತೊಡೆದೇವನ್ನು ಎಬ್ಬಿಸುವ ಕೈಚಳಕವೂ ಹಾಗೆಯೇ. ಉಣ್ಣುವವರಿದ್ದರೆ ಮಾತ್ರ ಅವು ಮುಂದಿನ ತಲೆಮಾರಿನ ಕೈಗೆ ದಾಟುತ್ತವೆ. ಆದುದರಿಂದ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಒಳ್ಳೆಯ ಊಟದ ಜಾಗ ಯಾವುದೆಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೇ: ಆ ತಿಂಗಳಿನಲ್ಲಿ ಆ ನೆಲ ಕೊಟ್ಟದ್ದನ್ನು ಆ ಊರಿನ ಕೈಗಳು ಎಲ್ಲಿ ಬೇಯಿಸಿ ಬಡಿಸುತ್ತವೆಯೋ, ಅಲ್ಲಿಗೆ ಹೋಗಿ, ಹೊತ್ತಿಗೆ ಸರಿಯಾಗಿ ಹೋಗಿ, ಹಸಿದು ಹೋಗಿ.